ಕಬ್ಬಿನ ಸಾರ, ಹಳೆಯ ಕಾರು
(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಪೆಟ್ರೋಲಿನ ವಿಷಯವಾಗಿ ಮಾತನಾಡಲು ಬಂದಿರುವುದು ಕೇಳುಗರಿಗೆ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಛಂದಸ್ಸಿನ ಗಣವಿಭಾಗ ಮಾಡುವ ಕೈಗೆ ಕಾರ್ಬುರೇಟರಿನ ತಿರುಪು ಏಕೆ ಬೇಕಿತ್ತು ಎಂದು ನನ್ನ ಹೆಂಡತಿಯೂ ಕೇಳಿದ್ದುಂಟು. ಆದರೆ ನನ್ನ ಬಳಿ 1986ರ ಮಾದರಿಯ ಒಂದು ಕಾರಿದೆ. 1991ರಲ್ಲಿ, ಅಧ್ಯಾಪಕನಾಗಿ ಏಳೆಂಟು ವರ್ಷ ಕಳೆದ ಮೇಲೆ, ಅದನ್ನು ಎರಡನೆಯ ಕೈಯಲ್ಲಿ ಕೊಂಡೆ. ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಂಡು ಇಬ್ಬರೂ ಒಟ್ಟಿಗೆ ಮುಪ್ಪಿನತ್ತ ನಡೆದಿದ್ದೇವೆ. ಅದು ಕಲಿಸಿದಷ್ಟು ಪಾಠವನ್ನು ಕೇಳದೆ ಇರುವುದು ನನ್ನಿಂದ ಸಾಧ್ಯವಾಗಲಿಲ್ಲ.

2025ರ ಯುಗಾದಿಯ ಹಿಂದಿನ ದಿನ. ಮೈಸೂರಿನಿಂದ ಪಾಂಡವಪುರದ ಕಡೆಯ ನಮ್ಮ ಹಳ್ಳಿಗೆ ಹೊರಟಿದ್ದೆವು. ಹಿಂದಿನ ಆಸನದಲ್ಲಿ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಶ್ರೀರಂಗಪಟ್ಟಣ ದಾಟಿದ ಮೇಲೆ ಪೆಟ್ರೋಲಿನ ವಾಸನೆ ಬರತೊಡಗಿತು. ಹಳೆಯ ಕಾರಿನಲ್ಲಿ ಒಂದಲ್ಲ ಒಂದು ವಾಸನೆ ಇದ್ದೇ ಇರುತ್ತದೆ, ಹೀಗಾಗಿ ಮೊದಲು ಅಲಕ್ಷಿಸಿದೆ. ವಾಸನೆ ಹೆಚ್ಚಿದಾಗ ರಸ್ತೆಯ ಬದಿಗೆ ನಿಲ್ಲಿಸಿ ಮುಂಭಾಗದ ಮುಚ್ಚಳ ಎತ್ತಿ ನೋಡಿದರೆ, ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪು ತುದಿಯಲ್ಲಿ ಊದಿಕೊಂಡು, ಬಿಗಿದ ಪಟ್ಟಿಯ ಬಳಿ ಬಿರಿದು, ಹನಿ ಹನಿಯಾಗಿ ಪೆಟ್ರೋಲು ತೊಟ್ಟಿಕ್ಕುತ್ತಿದೆ. ಅದರಿಂದ ಒಂದು ಗೇಣು ಕೆಳಗೆ, ಮುಟ್ಟಿದರೆ ಕೈ ಬೇಯುವಷ್ಟು ಕಾದ ಹೊಗೆಕೊಳವೆ. ಮಗುವನ್ನು ಎತ್ತಿಕೊಂಡು ಮೂವರೂ ದೂರ ಹೋಗಿ ಒಂದು ಹೊಂಗೆಮರದ ನೆರಳಿನಲ್ಲಿ ನಿಂತೆವು. ಏನೂ ಆಗಲಿಲ್ಲ. ಆದರೆ ಆಗಬಹುದಾಗಿದ್ದುದನ್ನು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವು ನಿಂತ ಮರದ ಹಿಂದೆ ಆಳುದ್ದದ ಕಬ್ಬಿನ ಗದ್ದೆಯಿತ್ತು. ಮೊಪೆಡ್ಡಿನಲ್ಲಿ ಬಂದು ನಮ್ಮನ್ನು ಕರೆದೊಯ್ದ ನನ್ನ ತಮ್ಮ, ಅವನೂ ಕಬ್ಬು ಬೆಳೆಯುವವನೇ, ವಿಷಯ ಕೇಳಿ ನಕ್ಕ. “ನಮ್ ಕಬ್ಬನ್ನೇ ಕುಡ್ಕಂಡು ನಿನ್ ಕಾರು ದಾರೀಲಿ ಮಲಗ್ತು ಅನ್ನು, ಕಣಣ್ಣ” ಎಂದ. ಆಗ ನನಗೆ ಆ ಮಾತು ಅರ್ಧ ಮಾತ್ರ ಅರ್ಥವಾಯಿತು. ಹಬ್ಬ ಮುಗಿಸಿ ಮೈಸೂರಿಗೆ ಬಂದ ಮೇಲೆ ನಮ್ಮ ಬಡಾವಣೆಯ ಗ್ಯಾರೇಜಿನ ಸಾಹೇಬರು ಉಳಿದ ಅರ್ಧವನ್ನು ಬಿಡಿಸಿ ಹೇಳಿದರು. ಪೈಪನ್ನು ಬೆರಳಿನಿಂದ ಹಿಸುಕಿ ತೋರಿಸುತ್ತ, “ಇದು ಕೊಳೆತಿದ್ದಲ್ಲ ಮೇಷ್ಟ್ರೇ, ಊದಿದ್ದು. ಬರೀ ಪೆಟ್ರೋಲು ಕುಡ್ಕೊಂಡು ಬೆಳೆದ ರಬ್ಬರು. ಈಗ ಅದರಲ್ಲಿ ಸ್ಪಿರಿಟ್ ಸೇರಿದೆಯಲ್ಲ, ಇದಕ್ಕೆ ಒಗ್ಗೋದಿಲ್ಲ” ಎಂದರು.

ಅವರು ಸ್ಪಿರಿಟ್ ಎಂದದ್ದು ಎಥನಾಲನ್ನು. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಮದ್ಯಸಾರವೆಂಬ ಗಂಭೀರವಾದ ಹೆಸರಿತ್ತು. ಕಬ್ಬಿನ ರಸದಿಂದಲೋ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯಿಂದಲೋ, ಮುಸುಕಿನ ಜೋಳದಿಂದಲೋ, ನುಚ್ಚಕ್ಕಿಯಿಂದಲೋ ಹುಳಿಯಿಸಿ ಬಟ್ಟಿಯಿಳಿಸಿದರೆ ದೊರೆಯುವ ದ್ರವ. ಬಟ್ಟಿಯಿಳಿಸುವುದರಿಂದ ನೂರಕ್ಕೆ 95ರಷ್ಟು ಶುದ್ಧಿ ಬಂದೀತು. ಉಳಿದ ನೀರನ್ನು ಹೀರಿ ತೆಗೆಯಲು ಬೇರೆಯದೇ ಸಾಧನ ಬೇಕು. ಆ ನೀರನ್ನೂ ಕಳೆದುಕೊಂಡ ಎಥನಾಲನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ನಮ್ಮ ತಂದೆಯ ಆಲೆಮನೆಯ ಕೊಪ್ಪರಿಗೆಯಿಂದ ಏಳುತ್ತಿದ್ದ ಕಂಪಿಗೂ ಬಂಕಿನ ಘಾಟಿಗೂ ಇಷ್ಟು ಹತ್ತಿರದ ನಂಟು ಬಂದೀತೆಂದು ನಾನು ಬಾಲ್ಯದಲ್ಲಿ ಎಣಿಸಿರಲಿಲ್ಲ.

ಈ ನಂಟು ನಮ್ಮ ಕಾಲದ್ದೇ ಎಂದು ತಿಳಿಯಬೇಕಾಗಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿಯೇ, ಮೋಟಾರು ವಾಹನಗಳಿಗೆ ಮದ್ಯಸಾರ ಬೆರೆಸುವ ಬಗ್ಗೆ ಭಾರತದಲ್ಲಿ ಒಂದು ಕಾಯಿದೆಯಾಗಿತ್ತು. 2000ದಲ್ಲಿ ಅದನ್ನು ರದ್ದುಮಾಡಲಾಯಿತು. ರದ್ದಾದ ಮೂರೇ ವರ್ಷಕ್ಕೆ, 2003ರ ಜನವರಿಯಲ್ಲಿ, ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರಷ್ಟು ಬೆರೆಸುವ ಯೋಜನೆ ಹೊಸದಾಗಿ ಬಂತು. ಹತ್ತು ವರ್ಷ ಅದು ಕುಂಟುತ್ತಲೇ ಸಾಗಿತು. 2013-14ರಲ್ಲಿಯೂ ಬೆರಕೆಯ ಪ್ರಮಾಣ ನೂರಕ್ಕೆ ಒಂದೂವರೆ ಮಾತ್ರ. ಆಮೇಲೆ ಓಟ. 2022ರ ಜೂನಿನಲ್ಲಿ ದೇಶದ ಸರಾಸರಿ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ 20ರ ಬೆರಕೆಯ ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದರು. 2030ಕ್ಕೆಂದು ಮೊದಲು ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ಎಳೆದು, 2025ರಲ್ಲಿಯೇ ಮುಟ್ಟಿದ್ದಾಯಿತು. ಸರ್ಕಾರದ ಕೆಲಸಗಳು ಅವಧಿಗೆ ಮುಂಚೆ ಮುಗಿಯುವುದು ಅಪರೂಪ. ಈ ಅಪರೂಪದ ವೇಗಕ್ಕೆ ನನ್ನ ಕಾರಿನ ರಬ್ಬರು ಸಿದ್ಧವಾಗಿರಲಿಲ್ಲ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ, ಮೈಲೇಜಿನದು. ಒಂದು ಸೇರು ಅಕ್ಕಿ, ಒಂದು ಸೇರು ಪುರಿ, ಅಳತೆಯಲ್ಲಿ ಎರಡೂ ಒಂದೇ. ಹೊಟ್ಟೆಗೆ ಮಾತ್ರ ಒಂದೇ ಅಲ್ಲ. ಪೆಟ್ರೋಲನ್ನು ನಾವು ಕೊಳ್ಳುವುದು ಅಳತೆಯಿಂದ. ಕಾರು ಓಡುವುದು ಅದರೊಳಗಿನ ಕಸುವಿನಿಂದ. ಒಂದು ಲೀಟರು ಪೆಟ್ರೋಲಿನಲ್ಲಿರುವ ಕಸುವು ಸುಮಾರು 32 ಮೆಗಾಜೌಲ್ ಆದರೆ, ಒಂದು ಲೀಟರು ಎಥನಾಲಿನಲ್ಲಿರುವುದು ಸುಮಾರು 21, ಎಂದರೆ ಮೂರರಲ್ಲಿ ಎರಡು ಪಾಲು. ಐದರಲ್ಲಿ ಒಂದು ಪಾಲು ಎಥನಾಲು ಸೇರಿದ ಲೀಟರಿಗೆ ಕಸುವು 30ಕ್ಕಿಂತ ತುಸು ಕಡಿಮೆಯಾಗುತ್ತದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ನೂರಕ್ಕೆ ಸುಮಾರು 7ರಷ್ಟು ಇಳಿತ. ಇದು ಯಾರ ಮೋಸವೂ ಅಲ್ಲ, ವಸ್ತುವಿನ ಸ್ವಭಾವ.

ಹಾಗಾದರೆ ಪತ್ರಿಕೆಗಳಲ್ಲಿ ಒಬ್ಬರು ಒಂದೆರಡು ಎನ್ನುತ್ತಾರೆ, ಇನ್ನೊಬ್ಬರು ಆರೇಳು ಎನ್ನುತ್ತಾರೆ, ನಮ್ಮ ಪಕ್ಕದ ಮನೆಯವರು ಇಪ್ಪತ್ತು ಎನ್ನುತ್ತಾರೆ, ಇದೇಕೆ? ಯಾವುದಕ್ಕೆ ಹೋಲಿಸಿ ಹೇಳುತ್ತಾರೆಂಬುದನ್ನು ಹೇಳದೆ ಇರುವುದೇ ಗೊಂದಲದ ಬೇರು. ನೀತಿ ಆಯೋಗ 2021ರಲ್ಲಿ ಹೊರತಂದ ತಜ್ಞರ ವರದಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿ 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಇಳಿತ 6ರಿಂದ 7. ಅಂಥದೇ ದ್ವಿಚಕ್ರ ವಾಹನಗಳಲ್ಲಿ 3ರಿಂದ 4. 10ಕ್ಕೆಂದೇ ರೂಪಿಸಿ 20ಕ್ಕೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2. ಮೂರೂ ಬೇರೆ ಬೇರೆ ಬಗೆಯ ವಾಹನಗಳ ಮಾತು. ಜೊತೆಗೆ ಇನ್ನೊಂದನ್ನು ನೆನಪಿಡಬೇಕು. 2022ರಿಂದಲೇ ನಾವು 10ರ ಬೆರಕೆಯನ್ನು ಸುಡುತ್ತಿದ್ದೆವು. ಆದ್ದರಿಂದ 10ರಿಂದ 20ಕ್ಕೆ ಏರಿದಾಗ ಕಾಣಬೇಕಾದ ಹೊಸ ಇಳಿತ ಮೂರೂವರೆಯಷ್ಟು ಮಾತ್ರ. ಇನ್ನರ್ಧ ನಮಗೆ ತಿಳಿಯದಂತೆ ಮೊದಲೇ ಹೋಗಿತ್ತು. ನೂರಕ್ಕೆ 20ರಷ್ಟು ಕುಸಿಯಿತೆಂದು ಹೇಳುವವರ ಕಾರಿನಲ್ಲಿ ಬೇರೆ ಯಾವುದೋ ಕಾಯಿಲೆಯೂ ಇರಬೇಕು.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಪೆಟ್ರೋಲು ಹಾಕಿಸಿದಾಗಲೆಲ್ಲ ಕಿಲೋಮೀಟರನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ನನ್ನ ಹಳೆಯ ಚಾಳಿ. 2019ರಲ್ಲಿ, ಬೆರಕೆ ಸುಮಾರು 5ರಷ್ಟಿದ್ದಾಗ, ನನ್ನ ಕಾರು ಲೀಟರಿಗೆ 13 ಕಿಲೋಮೀಟರು ಓಡುತ್ತಿತ್ತು. 2025ರಲ್ಲಿ 12. ಗಣಿತದ ಪ್ರಕಾರ 12.3 ಬರಬೇಕಿತ್ತು. ಕೊರತೆಯ ಆ ಮುನ್ನೂರು ಮೀಟರನ್ನು ಎಂಜಿನ್ನಿನ ವಯಸ್ಸಿಗೂ ಮೈಸೂರಿನ ಹೆಚ್ಚಿದ ಸಂದಣಿಗೂ ಹಂಚಿಬಿಡುವುದೇ ನ್ಯಾಯ. ಎಲ್ಲ ಪಾಪವನ್ನೂ ಕಬ್ಬಿನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ಮೈಲೇಜು ಹಣದ ಮಾತಾಯಿತು. ಹಳೆಯ ಎಂಜಿನ್ನಿನ ಆರೋಗ್ಯದ ಮಾತು ಬೇರೆ. ಕನ್ನಡದಲ್ಲಿ ‘ಹದ’ ಎಂಬ ಒಂದು ಚೆಲುವಾದ ಮಾತಿದೆ. ಪಾಕಕ್ಕೆ ಹದ, ಮಣ್ಣಿಗೆ ಹದ, ಕೊನೆಗೆ ಮಾತಿಗೂ ಹದ. ಎಂಜಿನ್ನಿಗೂ ಗಾಳಿ ಮತ್ತು ಇಂಧನಗಳ ಹದವೇ ಪ್ರಾಣ. ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿನ ಒಡಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದಕ್ಕೆ 9 ಕಿಲೋ ಸಾಕು. 20ರ ಬೆರಕೆಗೆ ಸುಮಾರು 13 ಕಿಲೋ 500 ಗ್ರಾಂ. ಹೊಸ ಕಾರುಗಳಲ್ಲಿ ಹೊಗೆಯನ್ನು ಮೂಸಿ ನೋಡುವ ಒಂದು ಸಂವೇದಕವಿದೆ. ಆಮ್ಲಜನಕ ಉಳಿದು ಹೋಗುತ್ತಿದೆಯೆಂದು ಅದು ತಿಳಿಸಿದರೆ, ಒಳಗಿನ ಗಣಕವು ಇಂಧನವನ್ನು ತುಸು ಹೆಚ್ಚು ಚಿಮ್ಮಿಸಿ ಹದವನ್ನು ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಮೂಗಿಲ್ಲ. ಅದರಲ್ಲಿರುವುದು ಹಿತ್ತಾಳೆಯ ಒಂದು ಜೆಟ್, ಅದರ ನಡುವೆ ಸೂಜಿಯ ಮೊನೆಯಷ್ಟು ತೂತು. 1986ರಲ್ಲಿ ಅದನ್ನು ಕೊರೆದವರು ಯಾವ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರೆದರೋ ಅದಕ್ಕೇ ಅದು ನಿಷ್ಠ.

ವ್ಯಾಕರಣ ಓದಿದವರಿಗೆ ಇದು ಬೇಗ ತಿಳಿಯುತ್ತದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಸೇರಿಸಿ ಸಮಾಸ ಮಾಡಿದರೆ ಅದನ್ನು ನಮ್ಮವರು ಅರಿಸಮಾಸವೆಂದು ಕರೆದು ದೂರವಿಟ್ಟರು. ಹಿಂದಿನ ಕವಿಗಳು ಬಳಸಿದ್ದರೆ ಮಾತ್ರ ಕೇಶಿರಾಜ ಸುಮ್ಮನಾಗುತ್ತಾನೆ. ಕಾರ್ಬುರೇಟರ್ ಅಂಥ ವೈಯಾಕರಣ. ಹತ್ತರವರೆಗಿನ ಬೆರಕೆಯನ್ನು ಹೇಗೋ ಸಹಿಸಿಕೊಂಡಿತು. ಹಳೆಯ ಎಂಜಿನ್ನುಗಳ ಹದ ಸಾಮಾನ್ಯವಾಗಿ ತುಸು ಗಟ್ಟಿಯಾಗಿಯೇ ಇರುತ್ತಿದ್ದುದರಿಂದ ಅದು ಸಾಧ್ಯವಾಯಿತು. ಇಪ್ಪತ್ತಕ್ಕೆ ಬಂದಾಗ ಹದ ತೆಳುವಾಗುತ್ತದೆ. ಬೆಳಗಿನ ಚಳಿಯಲ್ಲಿ ಎಂಜಿನ್ನು ಕೂಡಲೆ ಹತ್ತಿಕೊಳ್ಳುವುದಿಲ್ಲ, ಏಕೆಂದರೆ ಎಥನಾಲು ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಡುತ್ತದೆ. ಏರಿನಲ್ಲಿ ಕಾಲೊತ್ತಿದರೆ ತಡವರಿಸುತ್ತದೆ. ಬಹುಕಾಲ ಹಾಗೆಯೇ ಓಡಿಸಿದರೆ ಒಳಗೆ ಬಿಸಿ ಏರುತ್ತದೆ. ಸಾಹೇಬರು ನನ್ನ ಕಾರಿಗೆ ಒಂದು ಅಳತೆ ದೊಡ್ಡ ಜೆಟ್ ಹಾಕಿದ ಮೇಲೆ ತಡವರಿಕೆ ನಿಂತಿತು. ದೊಡ್ಡ ತೂತಿನಿಂದ ಹೆಚ್ಚು ಇಂಧನ ಹರಿಯುತ್ತದೆ, ಅಷ್ಟೆ. ರೋಗ ವಾಸಿಯಾಯಿತು, ಊಟ ಹೆಚ್ಚಿತು.

ಎಥನಾಲಿಗೆ ಒಂದು ದೊಡ್ಡ ಗುಣವಿದೆ ಎಂಬುದನ್ನು ಮುಚ್ಚಿಡಬಾರದು. ಆಕ್ಟೇನ್ ಎಂಬ ಅಳತೆಯಲ್ಲಿ ನಮ್ಮ ಹಿಂದಿನ ಸಾಮಾನ್ಯ ಪೆಟ್ರೋಲು 91 ಆಗಿದ್ದರೆ ಎಥನಾಲು ಸುಮಾರು 108. ಹೆಚ್ಚು ಒತ್ತಡವನ್ನು ಅದು ತಡೆಯಬಲ್ಲದು. ಹೆಚ್ಚು ಒತ್ತಿ ಉರಿಸುವ ಎಂಜಿನ್ನನ್ನು ಅದಕ್ಕೆಂದೇ ಕಟ್ಟಿದರೆ ಕಳೆದ ಕಸುವಿನಲ್ಲಿ ಸ್ವಲ್ಪವನ್ನಾದರೂ ಮರಳಿ ಪಡೆಯಬಹುದು. ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡೂ ಕಡಿಮೆ. ಆದರೆ ಕಡಿಮೆ ಒತ್ತಡದ ಹಳೆಯ ಎಂಜಿನ್ನಿಗೆ ಆ ಆಕ್ಟೇನು ಕಿವುಡನ ಮುಂದೆ ಕಿನ್ನರಿ ನುಡಿಸಿದಂತೆ.

ಇನ್ನು ನೀರಿನ ಸಂಗತಿ. ಹಂಸವು ಹಾಲಿನಿಂದ ನೀರನ್ನು ಬೇರ್ಪಡಿಸುತ್ತದೆಂದು ಕವಿಗಳು ಹಾಡಿದರು. ಇಲ್ಲಿ ನೀರೇ ಹಂಸ. ಪೆಟ್ರೋಲಿಗೂ ನೀರಿಗೂ ಎಂದೂ ಆಗದು. ಎಥನಾಲಿಗೆ ಇಬ್ಬರೂ ಬೇಕು, ಆದರೆ ನೀರಿನ ಮೇಲೆ ಪ್ರೀತಿ ಹೆಚ್ಚು. ಅರ್ಧ ಖಾಲಿಯಾದ ಟ್ಯಾಂಕನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ, ಒಳಗಿನ ಗಾಳಿಯ ತೇವವನ್ನು ಅದು ಮೆಲ್ಲಮೆಲ್ಲನೆ ಹೀರುತ್ತದೆ. ಮಿತಿ ಮೀರಿದಾಗ ನೀರು ಎಥನಾಲನ್ನು ಕೈಹಿಡಿದು ಕರೆದುಕೊಂಡು ತಳಕ್ಕೆ ಇಳಿಯುತ್ತದೆ. ಇಂಧನ ಹೀರುವ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ. ದಿನವೂ ಓಡುವ ಕಾರಿನಲ್ಲಿ ಇದು ನಡೆಯುವುದು ವಿರಳ. ಬೆರಕೆ ಹೆಚ್ಚಾದಷ್ಟೂ ಹಿಡಿದಿಟ್ಟುಕೊಳ್ಳುವ ನೀರೂ ಹೆಚ್ಚು, ಆ ಮಟ್ಟಿಗೆ 20ರ ಬೆರಕೆ ಹತ್ತಕ್ಕಿಂತ ಸಹನಶೀಲ. ಭಯವಿರುವುದು ಕೊಟ್ಟಿಗೆಯಲ್ಲಿ ನಿಂತೇ ಇರುವ ಅಂಬಾಸಿಡರುಗಳಿಗೆ, ಹಬ್ಬಕ್ಕೊಮ್ಮೆ ಹೊರಗೆ ಬರುವ ಪದ್ಮಿನಿಗಳಿಗೆ. ತೇವದೊಡನೆ ತುಕ್ಕು ಬರುತ್ತದೆ. ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಾನುಗಟ್ಟಲೆ ಮಲಗಿದ್ದ ಕಿಟ್ಟವನ್ನು ಎಥನಾಲು ತೊಳೆದು ಎಬ್ಬಿಸುತ್ತದೆ; ಅದೆಲ್ಲ ಬಂದು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳಲ್ಲಿ ನಾನು ಎರಡು ಫಿಲ್ಟರು ಬದಲಾಯಿಸಿದೆ.

2025ರ ಆಗಸ್ಟಿನಲ್ಲಿ ದೂರುಗಳು ಹೆಚ್ಚಿದಾಗ ಪೆಟ್ರೋಲಿಯಂ ಸಚಿವಾಲಯ ಒಂದು ವಿವರಣೆ ಹೊರಡಿಸಿತು. ಗಣನೀಯ ಹಾನಿಯಿಲ್ಲ, ಕೆಲವು ಹಳೆಯ ವಾಹನಗಳಲ್ಲಿ ಮಾತ್ರ 20,000ದಿಂದ 30,000 ಕಿಲೋಮೀಟರು ಓಡಿದ ಮೇಲೆ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಾಯಿಸಬೇಕಾಗಬಹುದು, ಅದಕ್ಕೆ ಖರ್ಚು ಹೆಚ್ಚಲ್ಲ ಎಂಬುದು ಅದರ ಸಾರ. ಮಾತು ಸುಳ್ಳಲ್ಲ. ನನ್ನ ಪೈಪುಗಳಿಗೂ ಪಂಪಿನ ಡಯಾಫ್ರಮಿಗೂ ಆದ ವೆಚ್ಚ ಒಂದು ಸಂಸಾರದ ಒಂದು ಹೊತ್ತಿನ ಹೋಟೆಲು ಊಟಕ್ಕಿಂತ ಹೆಚ್ಚಲ್ಲ. ನನ್ನ ತಕರಾರು ಖರ್ಚಿನದಲ್ಲ. ಬದಲಾಯಿಸಬೇಕೆಂಬುದನ್ನು ನನಗೆ ಹೇಳಿದ್ದು ಬಂಕಿನ ಫಲಕವಲ್ಲ, ಬಿರಿದ ಪೈಪು. ಅಂಥ ಫಲಕವೊಂದು ನಾನು ಹೋಗುವ ಬಂಕಿನಲ್ಲಿ ಇದ್ದಿದ್ದರೆ ಮಗುವನ್ನು ಎತ್ತಿಕೊಂಡು ರಸ್ತೆಯ ಬದಿಗೆ ಓಡುವ ಪ್ರಸಂಗ ಬರುತ್ತಿರಲಿಲ್ಲ.

ಇದೇ ದಾರಿಯಲ್ಲಿ ನಡೆದ ಬೇರೆ ದೇಶಗಳು ಏನು ಮಾಡಿದವು? ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ 10ರ ಬೆರಕೆಯನ್ನು ಸಾಮಾನ್ಯ ಪೆಟ್ರೋಲನ್ನಾಗಿ ಮಾಡಿದಾಗ, ಹಳೆಯ ಕಾರುಗಳಿಗೆಂದು 5ರ ಬೆರಕೆಯನ್ನು ದುಬಾರಿ ದರ್ಜೆಯಲ್ಲಿ ಉಳಿಸಿಕೊಂಡರು. ಅಮೆರಿಕದಲ್ಲಿ 15ರ ಬೆರಕೆಗೆ ಒಪ್ಪಿಗೆ ಕೊಟ್ಟಾಗ 2001 ಮತ್ತು ಅನಂತರದ ಮಾದರಿಗಳಿಗೆ ಮಾತ್ರವೆಂದು ಗೆರೆ ಎಳೆದರು. ಬ್ರೆಜಿಲ್ ನಮ್ಮವರು ಸದಾ ಎತ್ತಿ ತೋರಿಸುವ ಉದಾಹರಣೆ. ಅಲ್ಲಿ 2025ರ ಆಗಸ್ಟಿನಿಂದ 30ರ ಬೆರಕೆ ಬಂದಿದೆ, ನಿಜ. ಆದರೆ ಅವರು ಹೊರಟದ್ದು 1975ರಲ್ಲಿ. ಎಥನಾಲಿನಿಂದಲೇ ಓಡುವ ಕಾರನ್ನು 1979ರಲ್ಲಿ ಮಾರುಕಟ್ಟೆಗೆ ತಂದರು. ಯಾವ ಬೆರಕೆಯನ್ನಾದರೂ ಅರಗಿಸಿಕೊಳ್ಳುವ ಕಾರನ್ನು 2003ರಿಂದ ಮಾರಿದರು. ಐವತ್ತು ವರ್ಷದ ಸಂಸಾರ ಅದು. ನಮ್ಮಲ್ಲಿ 20ರ ಬೆರಕೆಗೆ ಒಗ್ಗುವ ರಬ್ಬರು, ಲೋಹಗಳಿಂದ ಮಾಡಿದ ವಾಹನಗಳು ಬರತೊಡಗಿದ್ದು 2023ರ ಏಪ್ರಿಲಿನಿಂದ. ಆಯ್ಕೆ ಬೇಕೆಂಬ ಕೋರಿಕೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು.

ಬೆಲೆಯಲ್ಲಾದರೂ ರಿಯಾಯಿತಿ ಬೇಡವೆ ಎಂದರೆ, ಎಥನಾಲು ಅಗ್ಗವಲ್ಲ ಎಂಬ ಉತ್ತರ ಬರುತ್ತದೆ. 2025ರ ಜುಲೈ ಕೊನೆಗೆ ಲೀಟರಿಗೆ ಸರಾಸರಿ 71 ರೂಪಾಯಿ 32 ಪೈಸೆ ಕೊಟ್ಟು ಕೊಳ್ಳುತ್ತಿದ್ದೇವೆಂದು ಸಚಿವಾಲಯವೇ ತಿಳಿಸಿತ್ತು. ಒಪ್ಪೋಣ. ಆದರೆ ಕಸುವಿನ ಇಳಿತಕ್ಕೆ ಪರಿಹಾರವಾಗಿ ಬೆರಕೆಯ ಪೆಟ್ರೋಲಿನ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದು ನೀತಿ ಆಯೋಗದ ಆ ವರದಿಯೇ ಸಲಹೆ ಮಾಡಿತ್ತು. ವರದಿಯ ವೇಗದ ಭಾಗ ಜಾರಿಗೆ ಬಂತು, ರಿಯಾಯಿತಿಯ ಭಾಗ ಕಪಾಟಿನಲ್ಲಿ ಉಳಿಯಿತು.

ಇಷ್ಟೆಲ್ಲವನ್ನೂ ನಾನು ತಮ್ಮನ ಮುಂದೆ ಹೇಳಿದೆ. ಜಗಲಿಯಲ್ಲಿ ಕುಳಿತು ಕೇಳಿದ. “ನಿಂಗೆ ಒಂದು ಕಿಲೋಮೀಟ್ರು ಕಮ್ಮಿ ಆಯ್ತು, ಸರಿ. ಕಾರ್ಖಾನೆಯೋರು ಸಕ್ರೆ ಮಾರೋಗಂಟ ನಾವು ದುಡ್ಡಿಗೆ ಕಾದದ್ದು ನಿಂಗೇ ಗೊತ್ತಲ್ಲಣ್ಣ” ಎಂದ. ಗೊತ್ತಿದೆ. ನನ್ನ ಕಾಲೇಜಿನ ಶುಲ್ಕ ಕಟ್ಟಲು ತಂದೆ ಕಬ್ಬಿನ ಬಾಕಿಗಾಗಿ ಎಷ್ಟು ಸಲ ಅಲೆದರೆಂಬುದು ಗೊತ್ತಿದೆ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತಿರುವಾಗ, ಆ ಹಣದಲ್ಲಿ ಒಂದು ಪಾಲು ಮಂಡ್ಯದ ಗದ್ದೆಗೆ ಬರುವುದಾದರೆ ಬೇಡವೆನ್ನುವಷ್ಟು ನಾನು ಕೃತಘ್ನನಲ್ಲ. ಪಾಲು ಅವನವರೆಗೆ ಎಷ್ಟು ಮುಟ್ಟುತ್ತದೆ ಎಂದು ಕೇಳಿದರೆ ಅವನೂ ಕೂಡಲೆ ಉತ್ತರ ಕೊಡಲಿಲ್ಲ. 2023ರ ಡಿಸೆಂಬರಿನಲ್ಲಿ ಸಕ್ಕರೆಯ ಅಭಾವದ ಭಯದಿಂದ ಕಬ್ಬಿನ ರಸವನ್ನು ಎಥನಾಲಿಗೆ ತಿರುಗಿಸುವುದನ್ನು ಸರ್ಕಾರ ತಡೆಯಿತು. 2024ರ ಆಗಸ್ಟಿನಲ್ಲಿ ತಡೆ ತೆಗೆಯಿತು. ಅಷ್ಟರಲ್ಲಿ ಮುಸುಕಿನ ಜೋಳ ಕಬ್ಬನ್ನು ಹಿಂದೆ ಹಾಕಿತ್ತು. ನನ್ನ ಟ್ಯಾಂಕಿನಲ್ಲಿರುವುದು ತಮ್ಮನ ಕಬ್ಬೋ ದಾವಣಗೆರೆಯ ಜೋಳವೋ ಈಗ ಯಾರೂ ಹೇಳಲಾರರು.

ಕಾರನ್ನು ಮಾರಿಬಿಡಿ ಎಂದು ಮಗ ಫೋನಿನಲ್ಲಿ ಹೇಳುತ್ತಾನೆ. ಮಾರಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರನ್ನೂ ತೆಗೆಸಿ ಎಥನಾಲು ತಡೆಯುವ ಪೈಪು ಹಾಕಿಸಿದ್ದೇನೆ. ಕೊಳ್ಳುವಾಗ ಪೈಪಿನ ಮೈಮೇಲೆ ಹಾಗೆಂದು ಅಚ್ಚಾಗಿದೆಯೋ ಎಂದು ಕನ್ನಡಕ ಹಾಕಿಕೊಂಡು ಓದಿದೆ. ಅಂಗಡಿಯವರು ಹೇಳಿದ್ದನ್ನು ಮಾತ್ರ ನಂಬುವುದು ಬೇಡವೆಂದು ಸಾಹೇಬರ ಎಚ್ಚರಿಕೆಯಿತ್ತು. ಆಷಾಢದಲ್ಲಿ ಕಾರನ್ನು ನಿಲ್ಲಿಸುವ ಮೊದಲು ಟ್ಯಾಂಕು ತುಂಬಿಸುತ್ತೇನೆ, ಗಾಳಿಗೆ ಜಾಗ ಕಡಿಮೆಯಾಗಲೆಂದು. ಹದಿನೈದು ದಿನಕ್ಕೊಮ್ಮೆ ಕುಕ್ಕರಹಳ್ಳಿ ಕೆರೆಯವರೆಗಾದರೂ ಓಡಿಸಿ ಬರುತ್ತೇನೆ. ಹೊರಡುವ ಮೊದಲು ಮುಚ್ಚಳ ಎತ್ತಿ ಪೈಪಿನ ತುದಿಗಳನ್ನು ಬೆರಳಿನಿಂದ ಒತ್ತಿ ನೋಡುವುದು ಈಗ ರೂಢಿ. ಮೊಮ್ಮಗಳು ಬಂದಾಗ ಟಾರ್ಚು ಹಿಡಿಯುವ ಕೆಲಸ ಅವಳದು. ನೋಟುಪುಸ್ತಕದ ಕೊನೆಯ ಪುಟದಲ್ಲಿ ಪೈಪು ಹಾಕಿಸಿದ ದಿನದ ಕಿಲೋಮೀಟರನ್ನು ಬರೆದು, ಅದಕ್ಕೆ 20,000 ಕೂಡಿಸಿ, ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.